ಫೋರ್ ಬೈ ಫೋರ್ ಪಿಕಪ್: ಆಳಂದದ ಎರಿ ಮಣ್ಣಿಗೆ ಬೇಕೋ, ಬರೇ ಕಣ್ಣಿಗೆ ಬೇಕೋ?

ಆಳಂದ: ನಮ್ಮ ಹುಡುಗರ ಮೊಬೈಲ್‌ನಾಗ ಈಗ ಒಂದು ನಮೂನಿ ಗಾಡಿ ಭಾಳ ಓಡ್ಲತ್ತದ. ಎತ್ತರದ ಮೂತಿ, ದಪ್ಪ ಗಾಲಿ, ಹಿಂದ ತೆರೆದ ಡಬ್ಬಿ. ಕೆಸರು ಹಾರಿಸುತ್ತ ಗುಡ್ಡ ಹತ್ತುತ್ತದೆ, ಹಳ್ಳ ದಾಟುತ್ತದೆ, ಹಿಂದೆ ಹಾಡು. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎಂಬ ಹೆಸರು ಹಳ್ಳಿ ಕಟ್ಟೆಯ ಮೇಲೂ ಕೇಳಿಬರುತ್ತಿವೆ. "ಒಂದು ಫೋರ್ ಬೈ ಫೋರ್ ಇದ್ರ ಸಾಕು, ಮಳಿ ಬಂದ್ರೂ ಹೊಲಕ್ಕ ಹೋಗಬಹುದು, ಮದುವಿಗೂ ಹೋಗಬಹುದು" ಅನ್ನೋದು ಆಸೆಯ ಮಾತು.

ಆಸೆ ತಪ್ಪಲ್ಲ. ಆದರೆ ಗಾಡಿ ಆಸೆಯ ಮೇಲೆ ಓಡೋದಿಲ್ಲ, ಕಂತಿನ ಮೇಲೆ ಓಡ್ತದ. ಡಿಗ್ರಿ ಮುಗಿಸಿ ಕೆಲಸ ಸಿಗದವರು, ನಮ್ಮಂಗ ಡಿಗ್ರಿ ಅರ್ಧಕ್ಕೇ ಬಿಟ್ಟವರು, "ಒಂದು ಪಿಕಪ್ ತಗೊಂಡು ಬಾಡಿಗಿ ಹೊಡದ್ರಾಯ್ತು" ಅಂತ ಯೋಚಿಸುವ ಕಾಲ ಇದು. ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಯವರೂ ಬಾಡಿಗೆ ಕೊಟ್ಟು ಸಾಕಾಗಿ ಸ್ವಂತ ಗಾಡಿ ಲೆಕ್ಕ ಹಾಕುತ್ತಿದ್ದಾರೆ. ಹೀಗಾಗಿ ಪ್ರಶ್ನೆ ನೇರವಾಗಿ ಇಡೋಣ: ಆಳಂದ, ಅಫಜಲಪುರ, ಜೇವರ್ಗಿ ಭಾಗದ ಎರಿ ಭೂಮಿಯಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಪಿಕಪ್ ಯಾರಿಗೆ ಬೇಕು? ಎಷ್ಟು ರೊಕ್ಕದ್ದು ಬೇಕು?

ಈ ಗಾಡಿ ಬಂದದ್ದು ಎಲ್ಲಿಂದ?

ಪಿಕಪ್ ನಮಗೆ ಹೊಸದಲ್ಲ. ಟಾಟಾ ಕಂಪನಿ 1988ರಲ್ಲೇ ಟಾಟಾಮೊಬೈಲ್ ಪಿಕಪ್ ತಂದಿತ್ತು. 2005ರಲ್ಲಿ ಟಾಟಾ ಏಸ್ ಬಂತು. ನಮ್ಮ ಮಂದಿ ಬಾಯಾಗ ಅದು "ಟಾಟಾ ಎಸಿ" ಆಯ್ತು, ಕೆಲವರಿಗೆ "ಛೋಟಾ ಹಾಥಿ". ಮಹೀಂದ್ರಾದ ಬೊಲೆರೊ ಪಿಕಪ್ ಇಲ್ಲದ ಸಂತೆ ಈಗ ಈ ಕಡೆ ಕಾಣೋದು ಕಷ್ಟ. ತರಕಾರಿ, ಕುರಿ, ಸಿಮೆಂಟ್, ಪೆಂಡಾಲ್ ಸಾಮಾನು, ಎಲ್ಲಾ ಅದರ ಮೇಲೇ.

ಈಗ ಕಣ್ಣು ಸೆಳೆಯುವ ಗಾಡಿಗಳ ಜಾತಿ ಬೇರೆ. 2016ರಲ್ಲಿ ಇಸುಝು ವಿ-ಕ್ರಾಸ್ ಭಾರತಕ್ಕೆ ಬಂತು. ಇದು ಆಂಧ್ರದ ಶ್ರೀಸಿಟಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು, ಆರಂಭದ ಶೋರೂಂ ಬೆಲೆಯೇ ಸುಮಾರು 34 ಲಕ್ಷ ರೂಪಾಯಿ. ಮಹೀಂದ್ರಾ ಕಂಪನಿ ಸ್ಕಾರ್ಪಿಯೊ-ಎನ್ ಆಧಾರದ ಪಿಕಪ್ ಮಾದರಿಯನ್ನು 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ತೋರಿಸಿತು. ಅಂದಿನಿಂದ ನಮ್ಮ ಹುಡುಗರು ಅದರ ದಾರಿ ಕಾಯ್ತಾ ಕುಂತಾರ.

ಹೊರದೇಶದಲ್ಲಿ ಇಂಥ ಗಾಡಿ ಯಾಕೆ ಹೆಚ್ಚು? ಥೈಲ್ಯಾಂಡ್ ನೋಡ್ರಿ. ಅಲ್ಲಿ ಕಾರಿಗಿಂತ ಪಿಕಪ್ಪಿಗೆ ಅಬಕಾರಿ ತೆರಿಗೆ ಕಡಿಮೆ. ಡಿ-ಮ್ಯಾಕ್ಸ್, ಹೈಲಕ್ಸ್ ಎರಡೂ ಅಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತವೆ. ಹೀಗಾಗಿ ರೈತನ ಮನೆಗೆ ಬೆಳೆ ಹೊರುವ ಗಾಡಿಯೂ ಅದೇ, ಮಕ್ಕಳನ್ನು ಸಾಲಿಗೆ ಬಿಡುವ ಗಾಡಿಯೂ ಅದೇ. ನಮ್ಮಲ್ಲಿ ಇವೆರಡು ಬೇರೆ ಬೇರೆ ಪೆಟ್ಟಿಗೆ. ದುಡಿಯುವ ಪಿಕಪ್ಪಿಗೆ ಹಳದಿ ಬೋರ್ಡು, ಮನೆ ಗಾಡಿಗೆ ಬಿಳಿ ಬೋರ್ಡು. ಬಿಳಿ ಬೋರ್ಡಿನ ಪಿಕಪ್ ಅಂದ್ರ ಇಲ್ಲಿ ಕೆಲಸಕ್ಕಿಂತ ಮೊದಲು ಮಾನ-ಮರ್ಯಾದಿಯ ಗಾಡಿ. ಬೀಗರ ಮನಿ ಮುಂದ ಹಳದಿ ಬೋರ್ಡ್ ನಿಲ್ಸೋದಕ್ಕೂ ಬಿಳಿ ಬೋರ್ಡ್ ನಿಲ್ಸೋದಕ್ಕೂ ಫರಕ್ ಅದ ಅಂತ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಅನ್ನೋದಿಲ್ಲ ಅಷ್ಟೇ.

ಎರಿ ಮಣ್ಣು ಯಾರ ಮಾತೂ ಕೇಳೋದಿಲ್ಲ

ನಮ್ಮ ಕರಿ ಎರಿ ಮಣ್ಣಿನಲ್ಲಿ ಜೇಡಿ ಅಂಶ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದ ಮೇಲೆ ಎರಡು ಹೆಜ್ಜೆ ಇಟ್ಟರೆ ಚಪ್ಪಲಿ ಒಂದೊಂದು ಕಿಲೋ ಆಗ್ತದಲ್ಲ, ಗಾಲಿಗೂ ಅದೇ ಗತಿ.

ಸಾಮಾನ್ಯ ಪಿಕಪ್ಪಿನಲ್ಲಿ ಎಂಜಿನ್ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ ಹೋಗುತ್ತದೆ. ಡಬ್ಬಿ ಖಾಲಿ ಇದ್ದಾಗ ಹಿಂದೆ ಭಾರವಿಲ್ಲ. ಹಿಡಿತ ಸಿಗದೆ ಗಾಲಿ ನಿಂತಲ್ಲೇ ತಿರುಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಒಂದು ಗಾಲಿ ರಾಡಿಯಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇದ್ದರೆ, ಡಿಫರೆನ್ಷಿಯಲ್ ರಾಡಿಯ ಗಾಲಿಯನ್ನೇ ಗರಗರ ತಿರುಗಿಸುತ್ತದೆ. ಗಟ್ಟಿ ನೆಲದ ಗಾಲಿ ಸುಮ್ಮನೆ ನಿಲ್ಲುತ್ತದೆ.

ಫೋರ್ ಬೈ ಫೋರ್‌ನಲ್ಲಿ ಮುಂದಿನ ಗಾಲಿಗಳಿಗೂ ಶಕ್ತಿ ಹೋಗುತ್ತದೆ. ಲೋ ಗೇರ್ ಹಾಕಿದರೆ ಗಾಡಿ ನಿಧಾನವಾಗಿ, ಆದರೆ ಜೋರಿನಿಂದ ಎಳೆಯುತ್ತದೆ. ಹೈಲಕ್ಸ್‌ನಂಥ ಗಾಡಿಯಲ್ಲಿ ಹಿಂದಿನ ಡಿಫರೆನ್ಷಿಯಲ್ ಲಾಕ್ ಮಾಡುವ ಸೌಲಭ್ಯವೂ ಇದೆ. ಆಗ ಎರಡೂ ಹಿಂದಿನ ಗಾಲಿ ಕೂಡಿಯೇ ತಿರುಗುತ್ತವೆ. ಇವೆಲ್ಲ ಖರೇ ಕೆಲಸದ ವಸ್ತುಗಳು, ಬರೇ ಜಾಹೀರಾತಲ್ಲ.

ಆದರೆ ಇಲ್ಲೊಂದು ಮಾತು ಸರಿಯಾಗಿ ಕೇಳ್ರಿ. ನೆಲ ಹಿಡಿಯೋದು ಎಂಜಿನ್ ಅಲ್ಲ, ಟೈರು. ಟಾರ್ ರಸ್ತೆಗಾಗಿ ಮಾಡಿದ ಟೈರಿನ ಗೆರೆಗಳಲ್ಲಿ ಎರಿ ಮಣ್ಣು ತುಂಬಿತೆಂದರೆ ಅದು ಲಟ್ಟಣಿಗೆಯಂತೆ ನುಣುಪಾಗುತ್ತದೆ. ಆಗ ಎರಡು ಗಾಲಿ ತಿರುಗಿದರೂ ಅಷ್ಟೇ, ನಾಲ್ಕು ತಿರುಗಿದರೂ ಅಷ್ಟೇ. ನಾಲ್ಕು ತಿರುಗಿದ್ರ ನಾಲ್ಕೂ ಹುಗಿತಾವ. ಟ್ರ್ಯಾಕ್ಟರ್ ಯಾಕೆ ಹೋಗುತ್ತದೆ? ಅದರ ಹಿಂದಿನ ಗಾಲಿ ದೊಡ್ಡದು, ಹಲ್ಲು ಆಳ, ಹಲ್ಲಿನ ನಡುವೆ ಸಂದು ಅಗಲ. ಮಣ್ಣು ಅಂಟಿದರೂ ಉದುರಿ ಬೀಳುತ್ತದೆ. ಆದ್ದರಿಂದ 4x4 ಕೊಂಡು ಶೋರೂಂ ಟೈರಿನ ಮೇಲೆಯೇ ಹಸಿ ಹೊಲಕ್ಕೆ ಇಳಿದವರು ಕೊನೆಗೆ ಟ್ರ್ಯಾಕ್ಟರ್‌ಗೇ ಫೋನ್ ಮಾಡಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಪಿಕಪ್ಪುಗಳಲ್ಲಿ 4x4 ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ಒಣ ಟಾರ್ ರಸ್ತೆಯಲ್ಲಿ ಅದನ್ನು ಹಾಕಿಕೊಂಡೇ ಓಡಿಸಿದರೆ ತಿರುವಿನಲ್ಲಿ ಮುಂದಿನ-ಹಿಂದಿನ ಗಾಲಿಗಳ ನಡುವೆ ಜಗ್ಗಾಟ ಆಗಿ ಗೇರ್ ಭಾಗಗಳು ಸವೆಯುತ್ತವೆ. ಆಳಂದದಿಂದ ಕಲಬುರಗಿ ಸುಮಾರು 40 ಕಿ.ಮೀ. ಟಾರ್ ರಸ್ತೆ. ಅಲ್ಲಿ 4x4 ಗಾಡಿಯೂ ಓಡೋದು ಎರಡೇ ಗಾಲಿಯ ಶಕ್ತಿಯ ಮೇಲೆ.

ಹಳ್ಳದ ನೀರು ರೀಲ್ಸ್ ಅಲ್ಲ

ಹೈಲಕ್ಸ್ 700 ಮಿ.ಮೀ. ಆಳದ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. ಅಂದರೆ ಮೊಣಕಾಲಿನ ಮೇಲೆ. ಇದು ನಿಂತ ನೀರಿನ ಲೆಕ್ಕ, ತಳ ಗಟ್ಟಿ ಇದ್ದಾಗಿನ ಲೆಕ್ಕ. ಹರಿಯುವ ನೀರಿನ ಲೆಕ್ಕ ಬೇರೆ. ಸುಮಾರು 2 ಫೂಟ್ ಹರಿಯುವ ನೀರು ಬಹುತೇಕ ವಾಹನಗಳನ್ನು ಕೊಚ್ಚಿ ಒಯ್ಯಬಲ್ಲದು, ದೊಡ್ಡ ಜೀಪು, ಪಿಕಪ್ ಸೇರಿ, ಎಂದು ಅಮೆರಿಕದ ಹವಾಮಾನ ಇಲಾಖೆ ಅಲ್ಲಿನ ಜನರಿಗೆ ಎಚ್ಚರಿಕೆ ಕೊಡುತ್ತದೆ. ಅಮೆರಿಕದಷ್ಟು ಪಿಕಪ್ ಓಡಿಸುವ ದೇಶದ ಇಲಾಖೆಯೇ ಹೇಳುವ ಮಾತಿದು.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಊರುಗಳು ಏನು ಕಂಡವು ಅಂತ ನಿಮಗೆ ಗೊತ್ತು. ಅಂಥ ನೀರಿಗೆ 8 ಲಕ್ಷದ ಗಾಡಿಯೂ ಒಂದೇ, 35 ಲಕ್ಷದ ಗಾಡಿಯೂ ಒಂದೇ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ನಿಲ್ಲಿಸ್ರಿ, ನೀರು ಇಳಿಲಿ. ಹಿಂದ ಕುಂತ ಹುಡುಗ ಮೊಬೈಲ್ ಹಿಡದಾನ ಅಂತ ಗಾಡಿ ಇಳಿಸಬ್ಯಾಡ್ರಿ.

ಈಗ ರೊಕ್ಕದ ಮಾತು

ಇಲ್ಲಿಂದ ಪೆನ್ನು-ಹಾಳಿ ತಗೊಂಡು ಕೂಡ್ರಿ. ಮೂರು ನಮೂನಿ ಗಾಡಿ ಇಟ್ಟುಕೊಳ್ಳೋಣ.

ಮೊದಲನೆಯದು ಸಾಮಾನ್ಯ ದುಡಿಯುವ ಪಿಕಪ್, ಎರಡು ಗಾಲಿಗೆ ಶಕ್ತಿ. ಬೊಲೆರೊ ಮ್ಯಾಕ್ಸ್ ಪಿಕಪ್ 2023ರ ಏಪ್ರಿಲ್‌ನಲ್ಲಿ ಬಂದಾಗ ಆರಂಭದ ಶೋರೂಂ ಬೆಲೆ 7.85 ಲಕ್ಷ. ಇದರ ದೊಡ್ಡ ಮಾದರಿ 2 ಟನ್ ಹೊರುತ್ತದೆ, ಡಬ್ಬಿ 10 ಫೂಟ್. 2022ರಲ್ಲಿ ಬಂದ ಟಾಟಾ ಯೋಧ 2.0 ಕೂಡ 2 ಟನ್ ಹೊರುವ ಗಾಡಿ. 2 ಟನ್ ಅಂದ್ರ 50 ಕೆ.ಜಿ.ಯ 40 ಡಿಎಪಿ ಚೀಲ, ಇಲ್ಲಾ 20 ಕ್ವಿಂಟಲ್ ತೊಗರಿ.

ಎರಡನೆಯದು ದುಡಿಯುವ 4x4. ಬೊಲೆರೊ ಕ್ಯಾಂಪರ್‌ನಲ್ಲೂ ಯೋಧದಲ್ಲೂ 4x4 ಮಾದರಿ ಇವೆ. ಬೆಲೆ 10 ಲಕ್ಷದ ಆಸುಪಾಸು. ನೋಡಲಿಕ್ಕೆ ಸಾದಾ, ಒಳಗೆ ಟಚ್‌ಸ್ಕ್ರೀನ್ ಆಡಂಬರ ಕಡಿಮೆ. ರೀಲ್ಸ್‌ನಾಗ ಇವನ್ನ ಯಾರೂ ತೋರಿಸೋದಿಲ್ಲ.

ಮೂರನೆಯದು ಶೋಕಿಯ 4x4, ಅಂದರೆ ವಿ-ಕ್ರಾಸ್, ಹೈಲಕ್ಸ್. ಐದು ಜನ ಕೂರುವ ಕ್ಯಾಬಿನ್, ಹಿಂದೆ ಸುಮಾರು 5 ಫೂಟಿನ ಡಬ್ಬಿ. ಖಾಲಿ ಗಾಡಿಯೇ ಸುಮಾರು 2 ಟನ್ ತೂಗುತ್ತದೆ.

ಸಾಲದ ಬಡ್ಡಿ ವರ್ಷಕ್ಕೆ 10%, ಅವಧಿ 5 ವರ್ಷ ಅಂತ ಹಿಡಿಯೋಣ. 8 ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 17,000 ರೂಪಾಯಿ. 10 ಲಕ್ಷಕ್ಕೆ ಸುಮಾರು 21,250. 25 ಲಕ್ಷಕ್ಕೆ ಸುಮಾರು 53,100.

ಈ ಕಂತನ್ನು ತೊಗರಿಯಲ್ಲಿ ಅಳೆಯೋಣ, ಯಾಕಂದ್ರ ನಮ್ಮ ಭಾಗದ ರೊಕ್ಕ ಹುಟ್ಟೋದು ಅಲ್ಲೇ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಆ ದರ ಪೂರ್ತಿ ಸಿಕ್ಕಿತು ಅಂತಲೇ ತಿಳಿಯೋಣ. 25 ಲಕ್ಷದ ಸಾಲಕ್ಕೆ ಒಂದು ವರ್ಷದ ಕಂತು ಸುಮಾರು 6.37 ಲಕ್ಷ, ಅಂದರೆ ಹತ್ತಿರ ಹತ್ತಿರ 80 ಕ್ವಿಂಟಲ್ ತೊಗರಿ. ಎಕರೆಗೆ 4 ಕ್ವಿಂಟಲ್ ಬಂದರೆ 20 ಎಕರೆಯ ಪೂರ್ತಿ ಬೆಳೆ ಕಂತಿಗೇ ಹೋಯಿತು. ಬೀಜ, ಗೊಬ್ಬರ, ಔಷಧ, ಆಳಿನ ಕೂಲಿ ಇದರಲ್ಲಿ ಸೇರಿಲ್ಲ. ಹೀಗೆ ಐದು ವರ್ಷ. ಐದು ವರ್ಷದಾಗ ಒಂದು ವರ್ಷ ನೆಟೆ ರೋಗ ಬರೋದಿಲ್ಲ, ಒಂದು ವರ್ಷ ಮಳಿ ಕೈ ಕೊಡೋದಿಲ್ಲ ಅಂತ ಯಾರು ಬರೆದು ಕೊಡ್ತಾರ?

ಅದೇ 8 ಲಕ್ಷದ ಸಾಲಕ್ಕೆ ವರ್ಷಕ್ಕೆ 25-26 ಕ್ವಿಂಟಲ್, ಆರೂವರೆ ಎಕರೆಯ ಬೆಳೆ. ಇದೂ ಸಣ್ಣದೇನಲ್ಲ. ಆದರೆ ಈ ಗಾಡಿ ದಿನಾ ದುಡಿದು ತನ್ನ ಕಂತು ತಾನೇ ಕಟ್ಟುವ ಸಾಧ್ಯತೆ ಇದೆ.

ಒಂದು ರಾಡಿ ದಿನದ ಬೆಲೆ ಎಷ್ಟು?

ಈಗ ಮುಖ್ಯ ಲೆಕ್ಕ. 4x4 ಬೇಕಾಗೋದು ಯಾವಾಗ? ನೆಲ ಹಸಿ ಇದ್ದು, ನಾವು ಹೋಗಲೇಬೇಕಾದ ದಿನ. ವರ್ಷದಾಗ ಅಂಥ ದಿನ ಎಷ್ಟು ಅಂತ ನಿಮ್ಮ ದಾರಿ ನೋಡಿ ನೀವೇ ಎಣಿಸಬೇಕು. ಲೆಕ್ಕಕ್ಕೆ 30 ದಿನ ಅನ್ನೋಣ.

ಸಾಮಾನ್ಯ ಪಿಕಪ್ ಬಿಟ್ಟು ಶೋಕಿಯ 4x4 ಕೊಂಡರೆ ತಿಂಗಳಿಗೆ ಹೆಚ್ಚುವರಿ ಕಂತು ಸುಮಾರು 36,100. ವರ್ಷಕ್ಕೆ 4.33 ಲಕ್ಷ. 30 ರಾಡಿ ದಿನಕ್ಕೆ ಹಂಚಿದರೆ ಒಂದು ದಿನಕ್ಕೆ 14,400 ರೂಪಾಯಿ ಮೇಲೆ. ಈ ರೊಕ್ಕಕ್ಕ ಊರಾಗಿನ ಟ್ರ್ಯಾಕ್ಟರ್ ಟ್ರೇಲರ್ ಸಮೇತ ಬಾಗಿಲಿಗೇ ಬಂದು ನಿಲ್ತದ, ಮತ್ತ ಉಳಿತದ.

ಸಾಮಾನ್ಯ ಪಿಕಪ್ ಬಿಟ್ಟು ದುಡಿಯುವ 4x4 ಕೊಂಡರೆ ಹೆಚ್ಚುವರಿ ಕಂತು ತಿಂಗಳಿಗೆ ಸುಮಾರು 4,250. ವರ್ಷಕ್ಕೆ 51,000. ಒಂದು ರಾಡಿ ದಿನಕ್ಕೆ 1,700 ರೂಪಾಯಿ. ಇದು ಯೋಚಿಸುವಂಥ ಲೆಕ್ಕ. ಆ ದಿನ ನಿಮ್ಮ ಕೆಲಸ ನಿಂತರೆ 1,700ಕ್ಕಿಂತ ಹೆಚ್ಚು ಲುಕ್ಸಾನ ಆಗುತ್ತದೆ ಅಂದರೆ 4x4 ತಗೊಳ್ರಿ. ಆಗೋದಿಲ್ಲ ಅಂದರೆ ಬ್ಯಾಡ.

ಹಾಗಾದರೆ ರಾಡಿ ದಿನ ನಿಲ್ಲಬಾರದವರು ಯಾರು? ದಿನಾ ಬೆಳಿಗ್ಗೆ ತೋಟದ ಮನೆಗಳಿಂದ ಹಾಲು ತರುವವರು. ಬೋರ್‌ವೆಲ್ ಮೋಟಾರ್ ಎತ್ತಿ ರಿಪೇರಿ ಮಾಡುವವರು. ಹೊಲದ ನಡುವೆ ಕಂಬ ನಿಲ್ಲಿಸುವ, ಟಿಸಿ ಕೂರಿಸುವ ಗುತ್ತಿಗೆದಾರರು. ಹೊಲದಲ್ಲೇ ಕೋಳಿ ಫಾರಂ ಇದ್ದವರು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೆಸರು, ಉದ್ದು ರಾಶಿ ಮಾಡುವಾಗಲೇ ಮಳೆ ಹಿಡಿದರೆ ಕಾಳು ಮೊಳಕೆ ಒಡೆಯುತ್ತದೆ. ಆಗ ಒಂದು ದಿನ ತಡವಾದರೂ ನಷ್ಟ. ಸೋಯಾಬೀನ್ ಬೆಳೆದವರಿಗೂ ಇದೇ ಚಿಂತೆ.

ಆದರೆ ತೊಗರಿಯವರು ಒಂದು ಮಾತು ಗಮನಿಸಬೇಕು. ತೊಗರಿ ರಾಶಿ ಆಗೋದು ಡಿಸೆಂಬರ್-ಜನವರಿಯಲ್ಲಿ. ಆಗ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಸಾಮಾನ್ಯ ಪಿಕಪ್ ಕಣದ ತನಕ ಹೋಗುತ್ತದೆ. ಕಬ್ಬಂತೂ ಟ್ರ್ಯಾಕ್ಟರ್, ಲಾರಿಯ ಕೆಲಸ, ಪಿಕಪ್ಪಿಗೆ ಸಂಬಂಧವೇ ಇಲ್ಲ. ನಮ್ಮ ವರ್ಷದ ದೊಡ್ಡ ಹೊರೆ ಬರೋದು ಒಣ ದಿನಗಳಲ್ಲಿ. ಆ ದಿನ 4x4 ಗುಬುಟು ಮುಟ್ಟೋ ಪ್ರಸಂಗವೇ ಬರೋದಿಲ್ಲ.

ಅಂಗಡಿಯವರಿಗೆ ಜಿಎಸ್‌ಟಿ ಮಾತು

2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಟ್ರ್ಯಾಕ್ಟರ್‌ಗೆ 12%ರಿಂದ 5%. ಪಿಕಪ್ ಬಗ್ಗೆ ಹೊಸದಾಗಿ ವಿಚಾರಣೆ ಹೆಚ್ಚಾಗಲು ಇದೂ ಒಂದು ಕಾರಣ.

ಇನ್ನೊಂದು ವಿಷಯ ಬಹಳ ಅಂಗಡಿಯವರ ಲಕ್ಷ್ಯಕ್ಕೆ ಬಂದಿಲ್ಲ. ಜನ ಕೂರುವ ಕಾರು ಕೊಂಡರೆ ಅದರ ಮೇಲೆ ಕಟ್ಟಿದ ಜಿಎಸ್‌ಟಿ ಸಾಮಾನ್ಯವಾಗಿ ವ್ಯಾಪಾರಿಗೆ ವಾಪಸ್ ಹೊಂದಾಣಿಕೆ ಆಗುವುದಿಲ್ಲ. ವ್ಯಾಪಾರಕ್ಕಾಗಿ ಸರಕು ಸಾಗಿಸುವ ವಾಹನ ಕೊಂಡರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ತೆರಿಗೆ ಸೇರಿ 8 ಲಕ್ಷದ ಗಾಡಿಯಲ್ಲಿ ಜಿಎಸ್‌ಟಿ ಭಾಗ ಸುಮಾರು 1.22 ಲಕ್ಷ. ಹಾರ್ಡ್‌ವೇರ್, ಸಿಮೆಂಟ್, ಎಲೆಕ್ಟ್ರಿಕಲ್ ಅಂಗಡಿಯವರಿಗೆ ಇದು ಸಣ್ಣ ರೊಕ್ಕ ಅಲ್ಲ. ಆದರೆ ಕಂಪೋಸಿಷನ್‌ನಲ್ಲಿ ಇದ್ದವರಿಗೆ ಇದು ಇಲ್ಲ. ತೆರಿಗೆ ಇಲ್ಲದ ಕಾಳು-ಕಡಿ ಮಾರುವವರಿಗೆ ಪೂರ್ತಿ ಸಿಗುವುದಿಲ್ಲ. ಗಾಡಿ ಬಿಲ್ ಅಂಗಡಿಯ ಜಿಎಸ್‌ಟಿ ನಂಬರ್ ಮೇಲೆಯೇ ಆಗಬೇಕು. ಬುಕ್ ಮಾಡುವ ಮೊದಲೇ ನಿಮ್ಮ ಆಡಿಟರ್‌ಗೆ ಕೇಳ್ರಿ, ಗಾಡಿ ಬಂದ ಮೇಲೆ ಅಲ್ಲ.

ಬೋರ್ಡಿನ ಬಣ್ಣ, ಲೈಸೆನ್ಸು, ಗಡಿ

ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆಯುವಂತಿಲ್ಲ. "ಅಪ್ಪಂದಿರ ಕೆಲಸಕ್ಕ ಹೋದ್ರಾಯ್ತು, ಡೀಸೆಲ್ ರೊಕ್ಕ ತಗೊಂಡ್ರಾಯ್ತು" ಅಂತ ಶುರುವಾಗಿ, ಅಪಘಾತವಾದ ದಿನ ವಿಮೆ ಕಂಪನಿ ಕೈ ಎತ್ತಿದಾಗ ಅದರ ಬೆಲೆ ತಿಳಿಯುತ್ತದೆ.

ಹಳದಿ ಬೋರ್ಡಿಗೆ ಎಫ್‌ಸಿ ಖರ್ಚು ಇದೆ. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ವಿಷಯದಲ್ಲಿ ಒಂದು ನಿರಾಳ ಸುದ್ದಿ: ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಎಲ್ಲಾ ಪಿಕಪ್ಪುಗಳು ಈ ಮಿತಿಯೊಳಗೇ ಬರುತ್ತವೆ.

ಪರ್ಮಿಟ್ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. 2 ಟನ್ ಹೊರುವ ಪಿಕಪ್‌ಗಳು ಈ ಮಿತಿ ದಾಟುತ್ತವೆ. ನಮ್ಮದು ಗಡಿ ತಾಲ್ಲೂಕು. ಅಕ್ಕಲಕೋಟ, ಉಮರ್ಗಾ, ಸೊಲ್ಲಾಪುರಕ್ಕೆ ಸರಕು ಒಯ್ಯೋದು ದಿನನಿತ್ಯದ ಮಾತು. ಮಹಾರಾಷ್ಟ್ರದಲ್ಲಿ ನಡೆಯುವ ಪರ್ಮಿಟ್ ಇಲ್ಲದೆ ಖಜೂರಿ ದಾಟಿ ಹೋಗಿ ಅಲ್ಲಿ ದಂಡ ಕಟ್ಟಿದರೆ ಆ ವಾರದ ಬಾಡಿಗೆ ಅಲ್ಲೇ ಮುಗಿಯಿತು.

ಹೊರೆ ಎಷ್ಟು ಹಾಕಬಹುದು ಅಂತ ಡೀಲರ್ ಮಾತು ಕೇಳಬ್ಯಾಡ್ರಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ, ಉಳಿದದ್ದೇ ನಿಮ್ಮ ಹೊರೆ. ಅದರಲ್ಲಿ ಕುಂತವರ ತೂಕವೂ ಸೇರಿತು. ಈ ಲೆಕ್ಕ ಹಾಕಿದಾಗ ಶೋಕಿಯ ಪಿಕಪ್ಪಿನ ಪಾಲಿಗೆ ಉಳಿಯೋದು ಎಷ್ಟು ಕಡಿಮೆ ಅಂತ ನೋಡಿ ಗೊಬ್ಬರದ ಅಂಗಡಿಯವರು ಬೆರಗಾಗ್ತಾರ. ಹೆಚ್ಚು ಹೊರೆ ಹಾಕಿದರೆ 2019ರ ಕೇಂದ್ರ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್‌ಗೆ 2,000.

ಡಬ್ಬಿಯಲ್ಲಿ ಮಂದಿ ಕೂರಿಸಬ್ಯಾಡ್ರಿ

ಇದನ್ನು ಬರೆಯದಿದ್ದರೆ ಈ ಲೇಖನ ಅರ್ಧ. ಪಿಕಪ್ ಬಂದ ಮನೆಗೆ ಮೊದಲು ಬರುವ ಬೇಡಿಕೆ ಸರಕಿನದಲ್ಲ, ಮಂದಿಯದು. ಕಳೆ ತೆಗೆಯುವ ಹೆಣ್ಣಾಳು, ಗಾಣಗಾಪುರಕ್ಕೆ ಹೋಗುವ ಭಕ್ತರು, ಘತ್ತರಗಾ ಜಾತ್ರೆ, ಮದುವೆ ದಿಬ್ಬಣ. "ಇಲ್ಲೇ ಹತ್ರ ಅಲ್ಲೇನು" ಅಂತ ಇಪ್ಪತ್ತು ಮಂದಿ ಡಬ್ಬಿ ಏರುತ್ತಾರೆ.

2025ರ ಜನವರಿ 22ರಂದು ಉತ್ತರ ಕನ್ನಡದ ಯಲ್ಲಾಪುರ ಹತ್ತಿರ ತರಕಾರಿ ಲಾರಿ ಉರುಳಿ 10 ಮಂದಿ ಸತ್ತರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ವ್ಯಾಪಾರಿಗಳು ಅವರು, ಸರಕಿನ ಮೇಲೆಯೇ ಕುಳಿತಿದ್ದರು. ನಮ್ಮಂಥವರೇ.

ಕಾನೂನಿನ ಮಾತು ಹೇಳಬೇಕೆಂದರೆ, ಸರಕು ವಾಹನದ ವಿಮೆ ಸರಕಿನ ಮಾಲೀಕ ಅಥವಾ ಅವರ ಪರವಾಗಿ ಬಂದವರನ್ನು ಬಿಟ್ಟು ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿ ಎರಡು ದಶಕ ದಾಟಿತು. ಪರಿಹಾರದ ಹೊಣೆ ಗಾಡಿ ಮಾಲೀಕನ ತಲೆಗೇ ಬರಬಹುದು. ಸಾಲದ ಗಾಡಿ, ಅದರ ಮ್ಯಾಲ ಪರಿಹಾರ. ಹೊಲ ಮಾರಿದ್ರೂ ತೀರೋದಿಲ್ಲ. ಡಬಲ್ ಕ್ಯಾಬಿನ್ ಗಾಡಿಗೂ ಇದೇ ನಿಯಮ: ಸೀಟು ಎಷ್ಟೋ ಮಂದಿ ಅಷ್ಟೇ, ಡಬ್ಬಿ ಸರಕಿಗೆ.

ಖರೇ ಕೊರತೆ ಗಾಡಿಯದ್ದೋ, ದಾರಿಯದ್ದೋ?

ನಮ್ಮ ಹುಡುಗರಿಗೆ 4x4 ಯಾಕೆ ಬೇಕು ಅಂತ ಕೇಳಿಕೊಂಡರೆ ಉತ್ತರ ಹೊಲದ ದಾರಿಗೇ ಬಂದು ನಿಲ್ಲುತ್ತದೆ. ಊರಿಂದ ಊರಿಗೆ ಟಾರ್ ಬಂದಿದೆ. ಊರಿಂದ ಹೊಲಕ್ಕೆ ಹೋಗುವ ಕೊನೆಯ ಒಂದೆರಡು ಕಿಲೋಮೀಟರ್ ಮಾತ್ರ ಇನ್ನೂ ಬಂಡಿ ದಾರಿಯೇ. ಅದೂ ಎರಡೂ ಬದಿಯಿಂದ ಒತ್ತುವರಿಯಾಗಿ ಒಂದು ಗಾಡಿ ಹೋದರೆ ಇನ್ನೊಂದು ಹಿಂದಕ್ಕೆ ಬರಬೇಕು.

ಒಂದು ಮನೆಯವರು 25 ಲಕ್ಷ ಸಾಲ ಮಾಡಿ ಆ ರಾಡಿ ದಾಟಬಹುದು. ಅವರ ಹಿಂದೆ ಬರುವ ಹತ್ತು ಮನೆಯವರ ಬಂಡಿ, ಟಂಟಂ, ಬೈಕು ಅದೇ ರಾಡಿಯಲ್ಲೇ ಉಳಿಯುತ್ತವೆ. 4x4 ಗಾಲಿ ಆಳ ಗಟಾರ ಕೊರೆದು ದಾರಿ ಇನ್ನಷ್ಟು ಕೆಡಿಸುತ್ತದೆ ಅನ್ನೋದೂ ಸುಳ್ಳಲ್ಲ.

ಹೊಲದ ದಾರಿಗೆ ಉದ್ಯೋಗ ಖಾತರಿ ಅಡಿ "ನಮ್ಮ ಹೊಲ ನಮ್ಮ ದಾರಿ" ಹೆಸರಿನ ಯೋಜನೆ ಈ ರಾಜ್ಯ ಕಂಡಿದೆ. ಕಲ್ಯಾಣ ಕರ್ನಾಟಕದ ಗ್ರಾಮೀಣ ರಸ್ತೆಗಳಿಗೆ "ಕಲ್ಯಾಣ ಪಥ" ಹೆಸರಿನಲ್ಲಿ 1,000 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಗಿದೆ. ನಿಮ್ಮ ಊರಿನ ದಾರಿ ಯಾವ ಪಟ್ಟಿಯಲ್ಲಿದೆ ಅಂತ ಪಂಚಾಯಿತಿ ಪಿಡಿಒ ಅವರನ್ನು ಕೇಳುವ ಹಕ್ಕು ನಿಮಗಿದೆ. ಗ್ರಾಮ ಸಭೆಯಲ್ಲಿ ಕ್ರಿಯಾ ಯೋಜನೆ ಬರೆಯುವಾಗ ದಾರಿಯ ಹೆಸರು ಹೇಳಿ ಬರೆಸಿ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ, ಕಾಲುದಾರಿಯ ಗೆರೆ ಇರುತ್ತವೆ. ಗೆರೆ ಇದ್ದು ದಾರಿ ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಒಬ್ಬರ ಅರ್ಜಿಗಿಂತ ಆ ದಾರಿಯ ಎಲ್ಲಾ ಹೊಲದವರ ಸಹಿ ಇದ್ದ ಅರ್ಜಿಗೆ ತೂಕ ಹೆಚ್ಚು. ಗರ್ಸು ಹಾಕಿದ ದಾರಿಯಲ್ಲಿ 8 ಲಕ್ಷದ ಪಿಕಪ್ಪೇ ಫೋರ್ ಬೈ ಫೋರ್ ಆಗುತ್ತದೆ.

ಬುಕ್ ಮಾಡುವ ಮೊದಲು

ಇಷ್ಟೆಲ್ಲಾ ಓದಿಯೂ ಗಾಡಿ ಬೇಕು ಅನಿಸಿದರೆ ತಗೊಳ್ರಿ, ಯಾರೂ ಬ್ಯಾಡ ಅನ್ನೋದಿಲ್ಲ. ರೊಕ್ಕ ಕೈಯಾಗ ಇದ್ದು, ಸಾಲ ಇಲ್ಲದೆ, ಮನಿ ಮಂದಿ ಖುಷಿಗೆ ಹೈಲಕ್ಸ್ ತರುವವರ ಜೊತೆ ನಮಗೆ ವಾದವಿಲ್ಲ. ಅದು ಅವರ ದುಡಿಮೆ. ಈ ಮಾತೆಲ್ಲ ಪಹಣಿ ಇಟ್ಟು, ತಾಯಿಯ ಬಂಗಾರ ಇಟ್ಟು, ಮಾವನ ಜಾಮೀನು ಹಾಕಿಸಿ ಗಾಡಿ ತರಲು ಹೊರಟವರಿಗೆ. ಎರಡು-ಮೂರು ಕಂತು ತಪ್ಪಿದರೆ ಫೈನಾನ್ಸ್‌ನವರು ಗಾಡಿ ಎಳಕೊಂಡು ಹೋಗ್ತಾರ, ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ, ಜಾಮೀನು ಹಾಕಿದ ಮಾವನ ಬಾಗಿಲಿಗೂ ನೋಟಿಸ್ ಹೋಗ್ತದ.

ಐದು ಕೆಲಸ ಮಾಡಿ ಆಮೇಲೆ ಸಹಿ ಹಾಕ್ರಿ.

1. ಒಂದು ವರ್ಷದ ರಾಡಿ ದಿನ ಎಣಿಸಿ. ಬಾಯಿಲೆಕ್ಕ ಬ್ಯಾಡ, ಕ್ಯಾಲೆಂಡರ್ ಮೇಲೆ ಗುರುತು ಹಾಕ್ರಿ.

2. ಬಾಡಿಗೆಗೆ ಅಂತ ತಗೊಳ್ಳುವವರು, ಖಾಯಂ ಕೆಲಸ ಕೊಡುವ ಎರಡು ಅಂಗಡಿ ಅಥವಾ ಅಡತಿ ಮೊದಲು ಗೊತ್ತು ಮಾಡಿಕೊಳ್ರಿ. ಸುಗ್ಗಿಯ ಎರಡು ತಿಂಗಳ ಬಾಡಿಗೆ ನೋಡಿ ಹನ್ನೆರಡು ತಿಂಗಳ ಕಂತು ಕಟ್ಟಲಾಗದು.

3. ಸರ್ವೀಸ್ ಎಲ್ಲಿ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ, ಕೇಳ್ರಿ. ಆಳಂದದ ಮೆಕ್ಯಾನಿಕ್ ಕೈ ಹಾಕಬಲ್ಲ ಗಾಡಿಯೇ ದುಡಿಯುವ ಗಾಡಿ. ಒಂದು ಸೆನ್ಸರ್‌ಗಾಗಿ ವಾರಗಟ್ಟಲೆ ನಿಂತರೆ ಕಂತು ನಿಲ್ಲೋದಿಲ್ಲ.

4. 4x4 ತಗೊಳ್ಳುವುದಾದರೆ ರಾಡಿಗೆ ಹೊಂದುವ ಟೈರಿನ ಖರ್ಚನ್ನೂ ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕ್ರಿ. ಒಂದು ಗಟ್ಟಿ ಹಗ್ಗ, ಒಂದು ಸಲಿಕೆ, ಎರಡು ಹಲಗೆ ಡಬ್ಬಿಯಲ್ಲಿ ಇರಲಿ.

5. ಡೆಮೊ ಗಾಡಿಯನ್ನ ಕಲಬುರಗಿ ರಿಂಗ್ ರೋಡಿನಾಗ ಓಡಿಸಿ ನೋಡಬ್ಯಾಡ್ರಿ. ಮಳೆ ಬಿದ್ದ ಮರುದಿನ ನಿಮ್ಮ ಹೊಲದ ದಾರಿಗೇ ತರಲಿಕ್ಕೆ ಹೇಳ್ರಿ. ಗಾಡಿ ಅಂದ್ರ ಹಂಗ ಇರಬೇಕು ಅಂತ ಹೊಗಳುವ ಸೇಲ್ಸ್‌ನವರು ಆ ದಾರಿ ನೋಡಿ ಏನಂತಾರ ಕೇಳ್ರಿ. ಅವರು ಇಳಿಸಲಿಕ್ಕೆ ಹಿಂದ-ಮುಂದ ನೋಡಿದ್ರ ನಿಮಗ ಉತ್ತರ ಸಿಕ್ಕಿತು.